ವಿಡಿಯೊ ತಯಾರಕರು ಮತ್ತು ಕಂಪನಿಗಳ ನಡುವಿನ ಉತ್ಪನ್ನ ಸಹಯೋಗ: ಕರಾರಿನ ಷರತ್ತುಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಯು ಹಲಸಿನ ಹಣ್ಣಿಗೆ ಹೆಸರಾದ ಪ್ರದೇಶವಾಗಿರುತ್ತದೆ. ಸಮೀಪದ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಪ್ರತಿ ವರ್ಷ ದನಗಳ ಜಾತ್ರೆ ಸೇರುತ್ತದೆ. ತಾಲ್ಲೂಕು ಕೇಂದ್ರವು ರೇಷ್ಮೆ ಸೀರೆ ನೇಯ್ಗೆಗೆ ಪ್ರಸಿದ್ಧವಾಗಿದೆ. ಇಂತಹ ಕಡೆ ಕೃಷಿ, ಪಶುಪಾಲನೆ, ಅಡುಗೆ, ಸೀರೆ ಮುಂತಾದ ವಿಷಯಗಳ ಮೇಲೆ ಮೊಬೈಲ್ ದೂರವಾಣಿಯಲ್ಲಿಯೇ ವಿಡಿಯೊ ತಯಾರಿಸಿ ಯೂಟ್ಯೂಬ್, ಇನ್‌ಸ್ಟಾಗ್ರಾಮ್ ಮುಂತಾದ ಮಾಧ್ಯಮಗಳಲ್ಲಿ ಪ್ರಕಟಿಸುವುದು ಈಗ ಒಂದು ಉಪಕಸುಬಾಗಿದೆ. ಕೆಲವರಿಗೆ ಅದೇ ಮುಖ್ಯ ಕಸುಬು. ನೋಡುಗರ ಸಂಖ್ಯೆ ಕೆಲವು ಸಾವಿರ ತಲುಪುತ್ತಿದ್ದಂತೆ ಗೊಬ್ಬರ, ಕೃಷಿ ಯಂತ್ರ, ಪಶು ಆಹಾರ, ಬಟ್ಟೆ, ಸಿದ್ಧ ಆಹಾರ ಮುಂತಾದವುಗಳ ಕಂಪನಿಗಳು "ನಮ್ಮ ಉತ್ಪನ್ನದ ಬಗ್ಗೆ ಒಂದು ವಿಡಿಯೊ ಮಾಡಿಕೊಡಿ" ಎಂದು ಸಂಪರ್ಕಿಸುವುದು ಸಾಮಾನ್ಯ.

ಇಂತಹ ಒಪ್ಪಂದಗಳು ಬಹುಪಾಲು ವಾಟ್ಸ್‌ಆ್ಯಪ್ ಸಂದೇಶದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಹಣ ಬಾರದಿದ್ದಾಗ, ವಿಡಿಯೊ ಬೇರೆ ಕಡೆ ಜಾಹೀರಾತಾಗಿ ಕಾಣಿಸಿಕೊಂಡಾಗ, ಅಥವಾ ಉತ್ಪನ್ನದ ಬಗ್ಗೆ ಹೇಳಿದ ಮಾತು ಸುಳ್ಳೆಂದು ದೂರು ಬಂದಾಗ ಮಾತ್ರ ಷರತ್ತುಗಳೇನಿದ್ದವು ಎಂಬ ಪ್ರಶ್ನೆ ಏಳುತ್ತದೆ. ಆದುದರಿಂದ ಕರಾರಿಗೆ ಮುಂಚೆ ವಿಡಿಯೊ ತಯಾರಕರು ತಿಳಿದಿರಬೇಕಾದ ಕಾನೂನು ಉಪಬಂಧಗಳನ್ನೂ, ನೋಂದಣಿ ಹಾಗೂ ಪರಿಹಾರಕ್ಕಾಗಿ ಅರ್ಜಿ ಸಲ್ಲಿಸಬಹುದಾದ ಕಡೆಗಳನ್ನೂ ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಕರಾರು ಯಾವಾಗ ಏರ್ಪಡುತ್ತದೆ?

ಭಾರತೀಯ ಕರಾರು ಅಧಿನಿಯಮ, 1872ರ ಕಲಂ 10ರ ಪ್ರಕಾರ ಕರಾರು ಮಾಡಿಕೊಳ್ಳಲು ಸಮರ್ಥರಾದವರು ಸ್ವಇಚ್ಛೆಯಿಂದ, ನ್ಯಾಯಸಮ್ಮತ ಪ್ರತಿಫಲಕ್ಕಾಗಿ ಮಾಡಿಕೊಂಡ ಒಪ್ಪಂದವು ಕರಾರಾಗುತ್ತದೆ. ಛಾಪಾ ಕಾಗದವಿಲ್ಲ ಎಂಬ ಮಾತ್ರಕ್ಕೆ ಕರಾರೇ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ಕ್ಕೆ 2008ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 10ಎ ಪ್ರಕಾರ, ಇ-ಮೇಲ್ ಮುಂತಾದ ವಿದ್ಯುನ್ಮಾನ ರೂಪದಲ್ಲಿ ಏರ್ಪಟ್ಟಿತೆಂಬ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲ. ಹೀಗಾಗಿ "ಸರಿ ಸಾರ್, ಮಾಡಿಕೊಡುತ್ತೇನೆ" ಎಂಬ ಒಂದು ಸಾಲಿನ ಸಂದೇಶವೂ ಕಂಪನಿಯು ಅದಕ್ಕೂ ಮೊದಲು ಕಳುಹಿಸಿದ ನಾಲ್ಕು ಪುಟಗಳ ಷರತ್ತುಗಳಿಗೆ ಒಪ್ಪಿಗೆಯಾಗಬಹುದು. ಓದದೆ ಕಳುಹಿಸಿದ ಒಪ್ಪಿಗೆಯೂ ಒಪ್ಪಿಗೆಯೇ.

ಮಾತುಕತೆ ದೂರವಾಣಿಯಲ್ಲಿ ನಡೆದಿದ್ದರೆ, ಅದರ ಸಾರಾಂಶವನ್ನು ಅದೇ ದಿನ ಇ-ಮೇಲ್ ಮೂಲಕ ಕಂಪನಿಗೆ ಕಳುಹಿಸಿ "ಹೀಗೆ ಒಪ್ಪಿಕೊಂಡಿರುತ್ತೇವೆ, ವ್ಯತ್ಯಾಸವಿದ್ದಲ್ಲಿ ತಿಳಿಸುವುದು" ಎಂದು ಬರೆಯುವುದು ಸುಲಭವೂ ಖರ್ಚಿಲ್ಲದ್ದೂ ಆದ ಕ್ರಮ. ಮುಂದೆ ಸಂದೇಶಗಳನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಬೇಕಾದಲ್ಲಿ, 01-07-2024 ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರಂತೆ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ. ಆದುದರಿಂದ ಮೊಬೈಲ್ ಬದಲಾಯಿಸುವಾಗ ಹಳೆಯ ಸಂದೇಶಗಳನ್ನು ಅಳಿಸಬಾರದು. ಕರಾರನ್ನು ಕಾಗದದ ಮೇಲೆ ಬರೆಯುವುದಾದಲ್ಲಿ ಕರ್ನಾಟಕ ಸ್ಟಾಂಪ್ ಅಧಿನಿಯಮ, 1957ರಂತೆ ನಿಗದಿತ ಶುಲ್ಕದ ಇ-ಸ್ಟಾಂಪ್ ಬಳಸತಕ್ಕದ್ದು. ಶುಲ್ಕ ಕಡಿಮೆಯಿದ್ದ ದಸ್ತಾವೇಜನ್ನು, ಬಾಕಿ ಶುಲ್ಕ ಮತ್ತು ದಂಡ ಪಾವತಿಸುವವರೆಗೆ ಸಾಕ್ಷ್ಯವಾಗಿ ಸ್ವೀಕರಿಸಲಾಗುವುದಿಲ್ಲ.

ಎದುರು ಪಕ್ಷ ಯಾರು?

ಈ ಅಂಶವನ್ನು ಬಹಳ ಮಂದಿ ಉಪೇಕ್ಷಿಸುತ್ತಾರೆ. ಮಾತನಾಡಿದವರು ಕಂಪನಿಯ ನೌಕರರೋ, ಜಾಹೀರಾತು ಏಜೆನ್ಸಿಯವರೋ, ಏಜೆನ್ಸಿಗೆ ತಯಾರಕರನ್ನು ಹುಡುಕಿಕೊಡುವ ಮಧ್ಯವರ್ತಿಯೋ ಎಂಬುದು ಹಲವು ವೇಳೆ ಸ್ಪಷ್ಟವಿರುವುದಿಲ್ಲ. ವಿಡಿಯೊದಲ್ಲಿ ಕಾಣುವುದು ಕಂಪನಿಯ ಹೆಸರು. ಹಣ ಕೊಡಬೇಕಾದವರು ಬೇರೆ ಊರಿನ ಏಜೆನ್ಸಿ. ಏಜೆನ್ಸಿ ಹಣ ಕೊಡದಿದ್ದಲ್ಲಿ ಕಂಪನಿಯು "ನಮಗೂ ತಮಗೂ ಕರಾರಿಲ್ಲ" ಎಂದು ಉತ್ತರಿಸುವ ಸಂಭವವಿದೆ, ಮತ್ತು ಕಾನೂನಿನಲ್ಲಿ ಆ ಉತ್ತರಕ್ಕೆ ಆಧಾರವೂ ಇರಬಹುದು. ಆದುದರಿಂದ ಹಣ ಪಾವತಿಸುವ ಸಂಸ್ಥೆಯ ನೋಂದಾಯಿತ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಇವುಗಳನ್ನು ಕರಾರಿನಲ್ಲಿ ನಮೂದಿಸತಕ್ಕದ್ದು. ಏಜೆನ್ಸಿಯ ಮೂಲಕ ಕರಾರಾಗುವುದಾದರೆ, ಏಜೆನ್ಸಿಯು ಕಂಪನಿಯ ಪರವಾಗಿ ವ್ಯವಹರಿಸಲು ಅಧಿಕಾರ ಹೊಂದಿರುವ ಬಗ್ಗೆ ಕಂಪನಿಯಿಂದ ಒಂದು ಇ-ಮೇಲ್ ಪಡೆದಿಟ್ಟುಕೊಳ್ಳುವುದು ಸೂಕ್ತ.

ಉತ್ಪನ್ನದ ಬಗ್ಗೆ ಹೇಳುವ ಮಾತಿನ ಹೊಣೆ

ವಿಡಿಯೊ ತಯಾರಕರಿಗೆ ಅತಿ ಹೆಚ್ಚು ಅಪಾಯವಿರುವುದು ಹಣದ ಷರತ್ತಿನಲ್ಲಲ್ಲ, ಈ ಷರತ್ತಿನಲ್ಲಿ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಕಲಂ 21ರಂತೆ ಸುಳ್ಳು ಅಥವಾ ದಾರಿ ತಪ್ಪಿಸುವ ಜಾಹೀರಾತಿಗಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಿಕಾ ಕಂಪನಿಗೆ ಮಾತ್ರವಲ್ಲದೆ ಅದನ್ನು ಅನುಮೋದಿಸಿ ಮಾತನಾಡಿದವರಿಗೂ 10 ಲಕ್ಷ ರೂ.ಗಳವರೆಗೆ ದಂಡ ವಿಧಿಸಬಹುದಾಗಿದೆ. ಪುನಃ ಉಲ್ಲಂಘಿಸಿದಲ್ಲಿ 50 ಲಕ್ಷ ರೂ.ಗಳವರೆಗೆ. ಇದಲ್ಲದೆ ಒಂದು ವರ್ಷದವರೆಗೆ, ಮರು ಉಲ್ಲಂಘನೆಯಲ್ಲಿ ಮೂರು ವರ್ಷದವರೆಗೆ, ಯಾವುದೇ ಉತ್ಪನ್ನವನ್ನು ಅನುಮೋದಿಸದಂತೆ ನಿಷೇಧಿಸಬಹುದು. ವಿಡಿಯೊವೇ ಜೀವನೋಪಾಯವಾಗಿರುವವರಿಗೆ ದಂಡಕ್ಕಿಂತ ಈ ನಿಷೇಧವೇ ಕಠಿಣವಾದುದು.

ಅದೇ ಕಲಂನಲ್ಲಿ ಒಂದು ರಕ್ಷಣೆಯೂ ಇದೆ. ಹೇಳಿಕೆಯ ಸತ್ಯಾಸತ್ಯತೆಯನ್ನು ಪರಿಶೀಲಿಸಲು ತಕ್ಕ ಎಚ್ಚರ ವಹಿಸಿದ್ದ ಅನುಮೋದಕರು ದಂಡಕ್ಕೆ ಗುರಿಯಾಗುವುದಿಲ್ಲ. ಎಚ್ಚರ ವಹಿಸಿದ್ದೇನೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ದಾಖಲೆ ಇರಬೇಕು. ಆದುದರಿಂದ ಕರಾರಿನಲ್ಲಿ ಸೇರಬೇಕಾದ ಮೊದಲನೆಯ ಷರತ್ತೆಂದರೆ, ವಿಡಿಯೊದಲ್ಲಿ ಹೇಳಬೇಕೆಂದು ಕಂಪನಿಯು ಬಯಸುವ ಪ್ರತಿಯೊಂದು ಹೇಳಿಕೆಗೂ ಆಧಾರವಾದ ಪರೀಕ್ಷಾ ವರದಿ, ಪರವಾನಗಿ ಅಥವಾ ನೋಂದಣಿ ಪತ್ರದ ಪ್ರತಿಯನ್ನು ಚಿತ್ರೀಕರಣಕ್ಕೆ ಮುಂಚೆ ಒದಗಿಸತಕ್ಕದ್ದು. ಒದಗಿಸದ ಹೇಳಿಕೆಯನ್ನು ಬಿಡುವ ಹಕ್ಕು ತಯಾರಕರಿಗೆ ಇರತಕ್ಕದ್ದು. ಕಂಪನಿ ಕೊಟ್ಟ ಮಾಹಿತಿ ಸುಳ್ಳಾಗಿ ತಯಾರಕರಿಗೆ ನಷ್ಟವಾದಲ್ಲಿ ಅದನ್ನು ಕಂಪನಿಯೇ ತುಂಬಿಕೊಡತಕ್ಕದ್ದು. ಕಂಪನಿಗಳು ಸಿದ್ಧಪಡಿಸಿದ ನಮೂನೆಗಳಲ್ಲಿ ಸಾಮಾನ್ಯವಾಗಿ ಕೊನೆಯ ಮಾತು ತಿರುವುಮುರುವಾಗಿ, ನಷ್ಟವನ್ನೆಲ್ಲ ತಯಾರಕರೇ ತುಂಬಿಕೊಡುವಂತೆ ಇರುತ್ತದೆ. ಅದನ್ನು ಹಾಗೆಯೇ ಒಪ್ಪುವುದು ತರವಲ್ಲ.

ಉತ್ಪನ್ನದ ಸ್ವರೂಪಕ್ಕೆ ತಕ್ಕಂತೆ ಪರಿಶೀಲನೆ ಬೇರೆಯಾಗುತ್ತದೆ. ಬೆಳೆಯ ಬೆಳವಣಿಗೆ ಹೆಚ್ಚಿಸುತ್ತವೆ ಎಂದು ಮಾರಲಾಗುವ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ (ನಿಯಂತ್ರಣ) ಆದೇಶ, 1985ರ ವ್ಯಾಪ್ತಿಗೆ ತರಲಾಗಿದೆ. ಕೀಟನಾಶಕಗಳಿಗೆ ಕೀಟನಾಶಕ ಅಧಿನಿಯಮ, 1968ರಡಿ ನೋಂದಣಿ ಕಡ್ಡಾಯ. ನೋಂದಣಿಯಲ್ಲಿ ಯಾವ ಬೆಳೆಗೆ, ಯಾವ ಕೀಟಕ್ಕೆ ಎಂಬುದೂ ಇರುತ್ತದೆ. ದ್ರಾಕ್ಷಿಗೆ ನೋಂದಣಿಯಾದ ಔಷಧವನ್ನು ಹಲಸಿಗೂ ಹೊಡೆಯಿರಿ ಎಂದು ವಿಡಿಯೊದಲ್ಲಿ ಹೇಳುವುದು ಆ ಮಿತಿಯನ್ನು ಮೀರಿದಂತೆ. ಸಂದೇಹವಿದ್ದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದಾಗಿದೆ. ಕಸಿ ಹಲಸಿನ ಸಸಿಯ ವಿಡಿಯೊಗಳ ಬಗ್ಗೆ ಒಂದು ಮಾತು: ಕಸಿ ಗಿಡ ಫಲ ಕೊಡಲು ಕೆಲವು ವರ್ಷ ಬೇಕು. ಇಂದು ನೆಟ್ಟ ಸಸಿಯ ಪಕ್ಕದಲ್ಲಿ ನಿಂತು ಅದರ ಹಣ್ಣಿನ ಸಿಹಿಯ ಬಗ್ಗೆ ಸ್ವಂತ ಅನುಭವವೆಂಬಂತೆ ಹೇಳುವುದು ಸಾಧ್ಯವಿಲ್ಲ. ತಾಯಿಮರವನ್ನು ತೋರಿಸಿ "ಈ ಮರದಿಂದ ಕಸಿ ಮಾಡಿದ ಸಸಿ" ಎಂದಷ್ಟೇ ಹೇಳಬಹುದು.

ಸೀರೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳೇ ಹೆಚ್ಚು. ವಿದ್ಯುತ್ ಮಗ್ಗದ ಸೀರೆಯನ್ನು "ಕೈಮಗ್ಗದ್ದು" ಎಂದು ವಿಡಿಯೊದಲ್ಲಿ ಪರಿಚಯಿಸಿದಲ್ಲಿ ಅದು ದಾರಿ ತಪ್ಪಿಸುವ ಜಾಹೀರಾತಾಗುತ್ತದೆ; ಮಗ್ಗದ ಮುಂದೆಯೇ ಚಿತ್ರೀಕರಿಸಿದ್ದರೂ ಇದರಲ್ಲಿ ವ್ಯತ್ಯಾಸವಿಲ್ಲ. "ಅಪ್ಪಟ ರೇಷ್ಮೆ" ಎಂದು ಹೇಳುವುದಾದರೆ ಸಿಲ್ಕ್ ಮಾರ್ಕ್ ಚೀಟಿಯನ್ನೂ, "ಕೈಮಗ್ಗ" ಎಂದು ಹೇಳುವುದಾದರೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯನ್ನೂ ಅಂಗಡಿಯವರಿಂದ ಕೇಳಿ ನೋಡತಕ್ಕದ್ದು. ವಿದ್ಯುತ್ ಮಗ್ಗದ ಸೀರೆಯನ್ನು ವಿದ್ಯುತ್ ಮಗ್ಗದ್ದೆಂದೇ ಹೇಳಿ ಮಾರುವುದರಲ್ಲಿ ಯಾವ ಕೊರತೆಯೂ ಇಲ್ಲ. ತಾಲ್ಲೂಕಿನ ಸಾವಿರಾರು ಕುಟುಂಬಗಳು ಅದರಿಂದಲೇ ಬದುಕಿವೆ.

ಹಲಸಿನ ಹಪ್ಪಳ, ಚಿಪ್ಸ್, ಹಿಟ್ಟು ಮುಂತಾದ ಆಹಾರ ಪದಾರ್ಥಗಳ ಪೊಟ್ಟಣದ ಮೇಲೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರತಕ್ಕದ್ದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಕಲಂ 53ರಡಿ ದಾರಿ ತಪ್ಪಿಸುವ ಆಹಾರ ಜಾಹೀರಾತಿಗೆ 10 ಲಕ್ಷ ರೂ.ಗಳವರೆಗೆ ದಂಡವಿದೆ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬಂತಹ ಮಾತು ಇನ್ನೂ ಗಂಭೀರವಾದುದು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಅಧಿನಿಯಮ, 1954ರ ಪಟ್ಟಿಯಲ್ಲಿ ಮಧುಮೇಹವೂ ಸೇರಿದೆ. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳ ಬಗ್ಗೆ ಸಂಸತ್ತು 2025ರಲ್ಲಿ ಅಂಗೀಕರಿಸಿದ ಅಧಿನಿಯಮವು ಅಂತಹ ಆಟಗಳ ಜಾಹೀರಾತನ್ನೂ ಶಿಕ್ಷಾರ್ಹವನ್ನಾಗಿ ಮಾಡಿದೆ. ಇಂತಹವುಗಳಿಗೆ ಎಷ್ಟೇ ಹಣ ಕೊಡುವುದಾಗಿ ಹೇಳಿದರೂ ಕರಾರಿನ ಮಾತೇ ಬೇಡ.

ಪ್ರತಿಸ್ಪರ್ಧಿ ಕಂಪನಿಯ ಉತ್ಪನ್ನವನ್ನು ಹೋಲಿಸಿ ಕಡಿಮೆ ಮಾಡಿ ಮಾತನಾಡಬೇಕೆಂದು ಕೆಲವು ಕಂಪನಿಗಳು ಕೇಳುವುದುಂಟು. ಪ್ಯಾರಾಚೂಟ್ ಕೊಬ್ಬರಿ ಎಣ್ಣೆಯ ವಿಮರ್ಶೆಯ ವಿಡಿಯೊ ಒಂದರ ಸಂಬಂಧ ಮ್ಯಾರಿಕೊ ಕಂಪನಿ ಹೂಡಿದ ದಾವೆಯಲ್ಲಿ ಬಾಂಬೆ ಹೈಕೋರ್ಟಿನ ಏಕಸದಸ್ಯ ಪೀಠವು ಜನವರಿ 2020ರಲ್ಲಿ ಆ ವಿಡಿಯೊವನ್ನು ತೆಗೆಯುವಂತೆ ಮಧ್ಯಂತರ ಆದೇಶ ನೀಡಿತು. ಅದರ ಮೇಲೆ ಮೇಲ್ಮನವಿಯೂ ಆಯಿತು. ಬಹು ಮಂದಿ ನಂಬುವ ತಯಾರಕರು ಸಾಮಾನ್ಯ ವ್ಯಕ್ತಿಗಿಂತ ಹೆಚ್ಚಿನ ಜವಾಬ್ದಾರಿಯಿಂದ ಮಾತನಾಡಬೇಕೆಂಬುದು ಆ ಆದೇಶದ ಒಂದು ಅಂಶವಾಗಿತ್ತು. ಸ್ವಂತ ಪರೀಕ್ಷೆಯ ಆಧಾರವಿಲ್ಲದ ಹೋಲಿಕೆಯನ್ನು ಕರಾರಿನಿಂದ ಹೊರಗಿಡತಕ್ಕದ್ದು.

ಜಾಹೀರಾತೆಂದು ತಿಳಿಸುವುದು

ದಿನಾಂಕ 09-06-2022ರ ದಾರಿ ತಪ್ಪಿಸುವ ಜಾಹೀರಾತುಗಳ ತಡೆ ಮಾರ್ಗಸೂಚಿಗಳಂತೆ, ಅನುಮೋದಕರಿಗೂ ಕಂಪನಿಗೂ ನೋಡುಗರು ಸಹಜವಾಗಿ ಊಹಿಸಲಾರದ ಸಂಬಂಧವಿದ್ದಲ್ಲಿ ಅದನ್ನು ಬಹಿರಂಗಪಡಿಸಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ಜನವರಿ 2023ರಲ್ಲಿ ಪ್ರಕಟಿಸಿದ ಕೈಪಿಡಿಯು ಇದನ್ನು ಸಾಮಾಜಿಕ ಜಾಲತಾಣದ ತಯಾರಕರಿಗಾಗಿಯೇ ವಿವರಿಸಿದೆ. ಸಂಬಂಧವೆಂದರೆ ಹಣ ಮಾತ್ರವಲ್ಲ. ಉಚಿತ ಉತ್ಪನ್ನ, ರಿಯಾಯಿತಿ, ಉಡುಗೊರೆ, ಪ್ರವಾಸ, ವಸತಿ, ಕಂಪನಿಯಲ್ಲಿ ಪಾಲು, ಕುಟುಂಬ ಅಥವಾ ನೌಕರಿಯ ನಂಟು ಎಲ್ಲವೂ ಸೇರುತ್ತವೆ. ಚಿಕ್ಕಪ್ಪನ ಗೊಬ್ಬರದ ಅಂಗಡಿಯನ್ನು ಹೊಗಳುವ ವಿಡಿಯೊಗೂ ಇದು ಅನ್ವಯ.

ವಿಡಿಯೊದಲ್ಲಿ ಈ ವಿಷಯವನ್ನು ಪರದೆಯ ಮೇಲೆ ಅಕ್ಷರದಲ್ಲಿಯೂ ಧ್ವನಿಯಲ್ಲಿಯೂ ತಿಳಿಸಬೇಕು. ನೇರ ಪ್ರಸಾರದಲ್ಲಿ ನಿರಂತರವಾಗಿ ಕಾಣುವಂತಿರಬೇಕು. ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯು 14-06-2021 ರಿಂದ ಅನ್ವಯಿಸಿದ ಸ್ವಯಂ ನಿಯಮಗಳಲ್ಲಿ ಕಾಲಾವಧಿಯೂ ಇದೆ. 15 ಸೆಕೆಂಡ್‌ವರೆಗಿನ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡ್, 2 ನಿಮಿಷಕ್ಕಿಂತ ಕಡಿಮೆಯಿದ್ದಲ್ಲಿ ಒಟ್ಟು ಅವಧಿಯ ಮೂರನೇ ಒಂದು ಭಾಗ, ಅದಕ್ಕೂ ದೀರ್ಘವಾದುದರಲ್ಲಿ ಉತ್ಪನ್ನದ ಪ್ರಸ್ತಾಪವಿರುವ ಭಾಗದುದ್ದಕ್ಕೂ ಸೂಚನೆ ಇರಬೇಕು. ಕನ್ನಡದ ನೋಡುಗರಿಗೆ "ಇದು ಜಾಹೀರಾತು" ಅಥವಾ "ಹಣ ಪಡೆದು ಮಾಡಿದ ಪ್ರಚಾರ" ಎಂದು ಕನ್ನಡದಲ್ಲಿಯೇ ತೋರಿಸುವುದು ಯೋಗ್ಯ. ವಿವರಣೆಯ ಕೊನೆಯಲ್ಲಿ ಇಂಗ್ಲಿಷಿನ ಎರಡಕ್ಷರ ಸೇರಿಸಿದರೆ ಉದ್ದೇಶ ನೆರವೇರದು. ಸೂಚನೆ ಹಾಕದಿರುವಂತೆ ಕಂಪನಿಯು ಕೋರತಕ್ಕದ್ದಲ್ಲ ಎಂದು ಕರಾರಿನಲ್ಲಿ ಬರೆಯಿಸುವುದು ತಯಾರಕರ ಹಿತಕ್ಕೇ ಒಳ್ಳೆಯದು.

ಕೆಲಸದ ವ್ಯಾಪ್ತಿ ಮತ್ತು ಕಾಲಮಿತಿ

ಎಷ್ಟು ವಿಡಿಯೊ, ಎಷ್ಟು ನಿಮಿಷ, ಯಾವ ಮಾಧ್ಯಮದಲ್ಲಿ, ಎಷ್ಟು ಕಾಲ ಅಳಿಸದೆ ಇಡಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಯತಕ್ಕದ್ದು. ತಿದ್ದುಪಡಿಗಳ ಸಂಖ್ಯೆಗೆ ಮಿತಿಯಿರಬೇಕು. ಎರಡು ಬಾರಿ ಉಚಿತ, ನಂತರದ ಪ್ರತಿ ಮರುಚಿತ್ರೀಕರಣಕ್ಕೆ ಇಂತಿಷ್ಟು ಎಂದು ನಿಗದಿಪಡಿಸಬಹುದು. ಗ್ರಾಮೀಣ ತಯಾರಕರಿಗೆ ಋತುವಿನ ತೊಡಕೂ ಇದೆ. ಹಲಸಿನ ಸುಗ್ಗಿ ಮುಗಿದ ಮೇಲೆ ಹಣ್ಣಿನ ಮರುಚಿತ್ರೀಕರಣ ಆಗದು. ಘಾಟಿಯ ದನಗಳ ಜಾತ್ರೆ ಮುಗಿದರೆ ಇನ್ನೊಂದು ವರ್ಷ ಕಾಯಬೇಕು. ಆದುದರಿಂದ ಕಂಪನಿಯು ಇಂತಿಷ್ಟು ದಿನಗಳೊಳಗೆ ಅಭಿಪ್ರಾಯ ತಿಳಿಸದಿದ್ದಲ್ಲಿ ವಿಡಿಯೊ ಒಪ್ಪಿಗೆಯಾಗಿದೆಯೆಂದು ಭಾವಿಸತಕ್ಕದ್ದು ಎಂಬ ವಾಕ್ಯವನ್ನು ಸೇರಿಸತಕ್ಕದ್ದು.

ವಿಡಿಯೊ ಯಾರ ಸ್ವತ್ತು?

ತಾನೇ ಚಿತ್ರೀಕರಿಸಿದ ವಿಡಿಯೊ ತನ್ನದೇ ಎಂದು ಎಲ್ಲರೂ ನಂಬಿರುತ್ತಾರೆ. ಕೃತಿಸ್ವಾಮ್ಯ ಅಧಿನಿಯಮ, 1957ರ ಕಲಂ 17ರ ಖಂಡ (ಬಿ) ಬೇರೆ ರೀತಿ ಹೇಳುತ್ತದೆ. ಬೇರೊಬ್ಬರ ಕೋರಿಕೆಯ ಮೇರೆಗೆ, ಬೆಲೆಯುಳ್ಳ ಪ್ರತಿಫಲಕ್ಕಾಗಿ ತೆಗೆದ ಛಾಯಾಚಿತ್ರ ಅಥವಾ ತಯಾರಿಸಿದ ಚಲನಚಿತ್ರದ ಮೊದಲ ಕೃತಿಸ್ವಾಮ್ಯವು, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, ಕೋರಿದವರಿಗೆ ಸೇರುತ್ತದೆ. ಅಧಿನಿಯಮದ ಅರ್ಥದಲ್ಲಿ ವಿಡಿಯೊವೂ ಚಲನಚಿತ್ರವೇ. ಅಂದರೆ ಕರಾರಿನಲ್ಲಿ ಈ ಬಗ್ಗೆ ಏನೂ ಬರೆಯದೆ ಬಿಟ್ಟರೆ, ಕಂಪನಿ ಹಣ ಕೊಟ್ಟು ಮಾಡಿಸಿದ ವಿಡಿಯೊ ಕಂಪನಿಯದೆಂದು ವಾದಿಸಲು ಅವಕಾಶ ಉಂಟಾಗುತ್ತದೆ. "ಈ ವಿಡಿಯೊದ ಕೃತಿಸ್ವಾಮ್ಯವು ತಯಾರಕರಲ್ಲಿಯೇ ಉಳಿದಿರತಕ್ಕದ್ದು, ಕಂಪನಿಗೆ ಕೆಳಕಂಡ ಉಪಯೋಗಕ್ಕೆ ಮಾತ್ರ ಅನುಮತಿ ನೀಡಲಾಗಿದೆ" ಎಂಬ ಒಂದು ವಾಕ್ಯದಿಂದ ಈ ತೊಡಕು ನಿವಾರಣೆಯಾಗುತ್ತದೆ.

ಅನುಮತಿಯ ಅವಧಿ, ಪ್ರದೇಶ ಮತ್ತು ಮಾಧ್ಯಮವನ್ನು ಬರೆಯತಕ್ಕದ್ದು. ಹಕ್ಕನ್ನು ವರ್ಗಾಯಿಸುವಾಗ ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಇಡೀ ಭಾರತವೆಂದೂ ಕಲಂ 19 ಭಾವಿಸುತ್ತದೆ. ತಯಾರಕರ ಸ್ವಂತ ವಾಹಿನಿಯಲ್ಲಿ ಪ್ರಕಟಿಸುವುದು ಒಂದು ಉಪಯೋಗ. ಅದೇ ದೃಶ್ಯವನ್ನು ಕಂಪನಿಯು ಹಣ ಕೊಟ್ಟು ಜಾಹೀರಾತಾಗಿ ಓಡಿಸುವುದು, ಅಂಗಡಿಯ ಫಲಕಕ್ಕೆ ಮುಖಚಿತ್ರ ಬಳಸುವುದು, ಬೇರೆ ಭಾಷೆಗೆ ಧ್ವನಿ ಬದಲಿಸುವುದು ಪ್ರತ್ಯೇಕ ಉಪಯೋಗಗಳಾಗಿದ್ದು ಪ್ರತ್ಯೇಕ ಹಣಕ್ಕೆ ಅರ್ಹವಾಗಿರುತ್ತವೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ತಯಾರಕರ ಮುಖ ಅಥವಾ ಧ್ವನಿಯನ್ನು ಹೊಸದಾಗಿ ಸೃಷ್ಟಿಸಿ, ಆಡದ ಮಾತನ್ನು ಆಡಿಸುವುದನ್ನು ಇಂದಿನ ಕರಾರುಗಳಲ್ಲಿ ಸ್ಪಷ್ಟವಾಗಿ ನಿಷೇಧಿಸಬೇಕು. ಹಿನ್ನೆಲೆಯಲ್ಲಿ ಚಿತ್ರಗೀತೆ ಬಳಸುವುದಿದ್ದಲ್ಲಿ ಪರವಾನಗಿಯ ಹೊಣೆ ಯಾರದು ಎಂಬುದೂ ಇಲ್ಲಿಯೇ ಬರಲಿ.

ಬೇರೆ ಕಂಪನಿಯೊಂದಿಗೆ ಕೆಲಸ ಮಾಡದಿರುವ ಷರತ್ತು

ಕರಾರು ನಡೆಯುತ್ತಿರುವ ಅವಧಿಯಲ್ಲಿ ಪ್ರತಿಸ್ಪರ್ಧಿಯ ಉತ್ಪನ್ನವನ್ನು ತೋರಿಸಬಾರದೆಂಬ ಷರತ್ತು ಸಾಮಾನ್ಯವಾಗಿ ಸಿಂಧು. ಕರಾರು ಮುಗಿದ ಮೇಲೂ ಮುಂದುವರೆಯುವ ನಿರ್ಬಂಧದ ವಿಷಯ ಬೇರೆ. ಕರಾರು ಅಧಿನಿಯಮದ ಕಲಂ 27ರಂತೆ ಯಾರೇ ಆಗಲಿ ನ್ಯಾಯಸಮ್ಮತ ವೃತ್ತಿ ನಡೆಸುವುದನ್ನು ತಡೆಯುವ ಒಪ್ಪಂದ ಆ ಮಟ್ಟಿಗೆ ಶೂನ್ಯ. ಕ್ರಿಕೆಟ್ ಆಟಗಾರ ಜಹೀರ್ ಖಾನ್ ಅವರ ಪ್ರಚಾರ ವ್ಯವಹಾರದ ಸಂಬಂಧ ಪರ್ಸೆಪ್ಟ್ ಡಿ'ಮಾರ್ಕ್ ಸಂಸ್ಥೆಯ ಕರಾರಿನಲ್ಲಿ, ಅವಧಿ ಮುಗಿದ ನಂತರವೂ ಬೇರೆಯವರ ಕೊಡುಗೆಯನ್ನು ಒಪ್ಪುವ ಮೊದಲು ತನಗೆ ಅವಕಾಶ ಕೊಡಬೇಕೆಂಬ ಷರತ್ತಿತ್ತು. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ಕರಾರಿನ ನಂತರ ಅನ್ವಯಿಸುವ ಅಂತಹ ನಿರ್ಬಂಧ ಕಲಂ 27ರಡಿ ಶೂನ್ಯವೆಂಬ ನಿಲುವು ತಳೆಯಿತು. ಪ್ರಸಿದ್ಧ ಆಟಗಾರರಿಗೆ ದೊರೆತ ಈ ರಕ್ಷಣೆಯು ತೂಬಗೆರೆಯ ತಯಾರಕರಿಗೂ ಅಷ್ಟೇ ಅನ್ವಯ. ಆದಾಗ್ಯೂ ದಾವೆಗೆ ಎಡೆಗೊಡದಂತೆ ಮೊದಲೇ ಅವಧಿಯನ್ನು 30 ಅಥವಾ 60 ದಿನಗಳಿಗೆ ಸೀಮಿತಗೊಳಿಸಿ, "ಕೃಷಿ ಉತ್ಪನ್ನಗಳು" ಎಂಬ ವಿಶಾಲ ಪದದ ಬದಲು "ಕಳೆ ಕೀಳುವ ಯಂತ್ರಗಳು" ಎಂದು ನಿರ್ದಿಷ್ಟವಾಗಿ ಬರೆಯಿಸುವುದು ಉತ್ತಮ.

ವಿಡಿಯೊ ತಡವಾದರೆ ಐದು ಲಕ್ಷ ದಂಡ ಎಂಬಂತಹ ಷರತ್ತುಗಳನ್ನು ಕಂಡು ಹೆದರುವವರಿದ್ದಾರೆ. ಕಲಂ 74ರಂತೆ ನ್ಯಾಯಾಲಯವು ಕೊಡಿಸುವುದು ನಮೂದಿಸಿದ ಮೊತ್ತವನ್ನು ಮೀರದ ಸಮಂಜಸ ಪರಿಹಾರವನ್ನು ಮಾತ್ರ.

ಹಣ ಪಾವತಿ ಮತ್ತು ಉದ್ಯಮ್ ನೋಂದಣಿ

ಮುಂಗಡ ಎಷ್ಟು, ಉಳಿದದ್ದು ಯಾವ ದಿನಾಂಕದೊಳಗೆ ಎಂಬುದನ್ನು ಅಂಕಿಗಳಲ್ಲಿ ಬರೆಯತಕ್ಕದ್ದು. ಏಜೆನ್ಸಿಗಳ ನಮೂನೆಗಳಲ್ಲಿ "ಕಂಪನಿಯಿಂದ ಹಣ ಸ್ವೀಕೃತವಾದ ನಂತರ 90 ದಿನಗಳೊಳಗೆ" ಎಂದಿರುವುದುಂಟು. ಇದಕ್ಕೆ ಕಾನೂನಿನಲ್ಲಿ ಪರಿಹಾರವಿದ್ದು, ಅದರ ಉಪಯೋಗ ಪಡೆಯುವವರು ಕಡಿಮೆ. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಕಲಂ 15ರಂತೆ ಅತಿಸಣ್ಣ ಅಥವಾ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಲಿಖಿತ ಕರಾರಿನ ದಿನಾಂಕದೊಳಗೆ ಪಾವತಿಸಬೇಕು. ಆ ಅವಧಿ ಸ್ವೀಕೃತಿಯ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಲಿಖಿತ ಕರಾರಿಲ್ಲದಿದ್ದಲ್ಲಿ 15 ದಿನಗಳ ನಂತರ ಬಾಕಿಯಾಗುತ್ತದೆ. ಒಪ್ಪಿಸಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದಲ್ಲಿ ಒಪ್ಪಿಸಿದ ದಿನವೇ ಸ್ವೀಕೃತಿಯ ದಿನವಾಗುತ್ತದೆ. ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಪ್ರತಿ ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿ ತೆರಬೇಕು. ಲೆಕ್ಕಕ್ಕಾಗಿ ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಂಡರೆ ಬಡ್ಡಿ ವರ್ಷಕ್ಕೆ ಶೇ. 18, 40,000 ರೂ. ಬಾಕಿಗೆ ಮೊದಲ ತಿಂಗಳು 600 ರೂ., ಎರಡನೆಯ ತಿಂಗಳು 609 ರೂ. ಆಗುತ್ತದೆ.

ಈ ಪ್ರಯೋಜನಕ್ಕೆ ಉದ್ಯಮ್ ನೋಂದಣಿ ಮಾಡಿಸತಕ್ಕದ್ದು. 01-04-2025 ರಿಂದ ಹೂಡಿಕೆ 2.5 ಕೋಟಿ ರೂ. ಮತ್ತು ವಹಿವಾಟು 10 ಕೋಟಿ ರೂ. ಮೀರದ ಉದ್ಯಮವು ಅತಿಸಣ್ಣ ಉದ್ಯಮ. ಕ್ಯಾಮೆರಾ, ಮೈಕು, ಗಣಕಯಂತ್ರ ಇಟ್ಟುಕೊಂಡು ಸೇವೆ ನೀಡುವ ತಯಾರಕರು ಇದರೊಳಗೆ ಬರುತ್ತಾರೆ. ನೋಂದಣಿ ಸಂಪೂರ್ಣ ಉಚಿತವಾಗಿದ್ದು, ಆಧಾರ್ ಮತ್ತು ಪ್ಯಾನ್ ಸಂಖ್ಯೆಯೊಂದಿಗೆ ಸರ್ಕಾರದ ಪೋರ್ಟಲ್‌ನಲ್ಲಿ ಮಾಡಿಕೊಳ್ಳಬಹುದು. ಸರ್ಕಾರಿ ಪೋರ್ಟಲ್ ಅನ್ನು ಹೋಲುವ ಖಾಸಗಿ ಜಾಲತಾಣಗಳು ಶುಲ್ಕ ಕೇಳುವುದುಂಟು. ಅರ್ಜಿದಾರರು ಎಚ್ಚರ ವಹಿಸುವುದು. ಕರಾರಿಗೆ ಸಹಿ ಹಾಕುವ ಮೊದಲೇ ನೋಂದಣಿ ಆಗಿರಬೇಕು. ಹಣ ನಿಂತ ಮೇಲೆ ನೋಂದಣಿ ಮಾಡಿಸಿದಲ್ಲಿ ತಕರಾರಿಗೆ ಅವಕಾಶವಾಗುತ್ತದೆ. ಉದ್ಯಮ್ ಸಂಖ್ಯೆಯನ್ನು ಕರಾರಿನಲ್ಲಿಯೂ ಪ್ರತಿ ಬಿಲ್ಲಿನಲ್ಲಿಯೂ ನಮೂದಿಸತಕ್ಕದ್ದು.

ಉಚಿತ ವಸ್ತು ಮತ್ತು ತೆರಿಗೆ

ಹಣದ ಬದಲು ವಸ್ತು ಕೊಡುವ ಸಹಯೋಗಗಳಲ್ಲಿ ತೆರಿಗೆಯ ವಿಷಯ ಅನಿರೀಕ್ಷಿತವಾಗಿ ಎದುರಾಗುತ್ತದೆ. 01-07-2022 ರಿಂದ ಜಾರಿಗೆ ಬಂದ ಆದಾಯ ತೆರಿಗೆ ಉಪಬಂಧದಂತೆ, ವೃತ್ತಿ ಅಥವಾ ವ್ಯವಹಾರದ ಸಂಬಂಧ ನೀಡುವ ಸೌಲಭ್ಯದ ಮೌಲ್ಯ ವರ್ಷಕ್ಕೆ 20,000 ರೂ. ಮೀರಿದಲ್ಲಿ ಶೇ. 10 ತೆರಿಗೆ ಮೂಲದಲ್ಲಿಯೇ ಕಡಿತವಾಗಬೇಕು. ಅಂದಿನ 1961ರ ಅಧಿನಿಯಮದಲ್ಲಿ ಇದು ಕಲಂ 194ಆರ್ ಆಗಿತ್ತು. 01-04-2026 ರಿಂದ 2025ರ ಹೊಸ ಆದಾಯ ತೆರಿಗೆ ಅಧಿನಿಯಮ ಅನ್ವಯಿಸುವುದರಿಂದ ಕಲಂ ಸಂಖ್ಯೆಗಳು ಬದಲಾಗಿವೆ. ವಿಡಿಯೊ ಮಾಡಿದ ನಂತರ ವಸ್ತುವನ್ನು ಕಂಪನಿಗೆ ಹಿಂತಿರುಗಿಸಿದರೆ ಅದು ಸೌಲಭ್ಯವಲ್ಲ, ಇಟ್ಟುಕೊಂಡರೆ ಸೌಲಭ್ಯ ಎಂದು ನೇರ ತೆರಿಗೆ ಮಂಡಳಿಯು ಜೂನ್ 2022ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಉದಾಹರಣೆಗೆ 38,000 ರೂ. ಬೆಲೆಯ ಕಳೆ ಕೀಳುವ ಯಂತ್ರವನ್ನು ಇಟ್ಟುಕೊಂಡಲ್ಲಿ 3,800 ರೂ. ತೆರಿಗೆಯನ್ನು ಯಾರು ಭರಿಸಬೇಕೆಂಬ ಪ್ರಶ್ನೆ ಬರುತ್ತದೆ. ಕಂಪನಿಯೇ ಭರಿಸತಕ್ಕದ್ದು ಎಂದು ಬರೆಯಿಸಬಹುದಾಗಿದೆ.

ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ಕೆಲಸ ಕೊಡುವುದಿಲ್ಲವೆಂದು ಹೇಳುವ ಕಂಪನಿಗಳಿವೆ. ಕರ್ನಾಟಕದಲ್ಲಿ ಸೇವೆ ನೀಡುವವರಿಗೆ ವಾರ್ಷಿಕ ಒಟ್ಟು ವಹಿವಾಟು 20 ಲಕ್ಷ ರೂ. ಮೀರಿದಾಗ ಮಾತ್ರ ನೋಂದಣಿ ಸಾಮಾನ್ಯವಾಗಿ ಕಡ್ಡಾಯ.

ಮಕ್ಕಳು ಕಾಣಿಸಿಕೊಳ್ಳುವ ವಿಡಿಯೊ

18 ವರ್ಷ ತುಂಬದವರು ಮಾಡಿಕೊಂಡ ಕರಾರು ಶೂನ್ಯ. ಪೋಷಕರೇ ಸಹಿ ಮಾಡಬೇಕು. ಮಕ್ಕಳನ್ನು ಕಲಾವಿದರಾಗಿ ಬಳಸುವ ವಾಣಿಜ್ಯ ಚಿತ್ರೀಕರಣಕ್ಕೆ ಬಾಲಕಾರ್ಮಿಕ ನಿಯಮಗಳಂತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ದಿನಕ್ಕೆ 5 ಗಂಟೆ ಮೀರುವಂತಿಲ್ಲ, ಗಳಿಕೆಯ ಕನಿಷ್ಠ ಶೇ. 20 ಭಾಗವನ್ನು ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಡಬೇಕು.

ವ್ಯಾಜ್ಯ ಉಂಟಾದಲ್ಲಿ ಅರ್ಜಿ ಎಲ್ಲಿ ಸಲ್ಲಿಸಬೇಕು?

ಹಣ ಬಾರದ ತಯಾರಕರು ಗ್ರಾಹಕ ಆಯೋಗಕ್ಕೆ ಹೋಗುವುದು ಕಂಡುಬರುತ್ತದೆ. ತಯಾರಕರು ಇಲ್ಲಿ ಸೇವೆ ನೀಡಿದವರೇ ಹೊರತು ಸೇವೆ ಖರೀದಿಸಿದ ಗ್ರಾಹಕರಲ್ಲವಾದುದರಿಂದ ಆ ದೂರು ನಿಲ್ಲುವುದಿಲ್ಲ. ವಿಡಿಯೊ ನೋಡಿ ವಸ್ತು ಖರೀದಿಸಿ ಮೋಸಹೋದ ನೋಡುಗರು ಮಾತ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸಬಹುದು.

ಉದ್ಯಮ್ ನೋಂದಣಿ ಹೊಂದಿದ ತಯಾರಕರು ಬಾಕಿ ಹಣ ಮತ್ತು ಬಡ್ಡಿಗಾಗಿ 2006ರ ಅಧಿನಿಯಮದ ಕಲಂ 18ರಡಿ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ, ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಇದರ ದೊಡ್ಡ ಅನುಕೂಲವೆಂದರೆ ಕಂಪನಿ ದೇಶದ ಯಾವ ಊರಿನಲ್ಲಿದ್ದರೂ ಸೇವೆ ನೀಡಿದವರು ಇರುವ ಪ್ರದೇಶದ ಮಂಡಳಿಗೇ ಅಧಿಕಾರವಿರುತ್ತದೆ. "ವ್ಯಾಜ್ಯವೆಲ್ಲ ಮುಂಬಯಿ ನ್ಯಾಯಾಲಯದಲ್ಲಿ ಮಾತ್ರ" ಎಂಬ ಷರತ್ತಿಗೆ ಸಹಿ ಹಾಕಿದವರಿಗೂ ಈ ಮಾರ್ಗ ಮುಚ್ಚಿರುವುದಿಲ್ಲ. ಮಂಡಳಿಯು ಮೊದಲು ರಾಜಿಗೆ ಪ್ರಯತ್ನಿಸಿ, ಅದು ವಿಫಲವಾದಲ್ಲಿ ಮಧ್ಯಸ್ಥಿಕೆ ನಡೆಸುತ್ತದೆ. ಮಂಡಳಿಯ ತೀರ್ಪನ್ನು ಪ್ರಶ್ನಿಸಬಯಸುವ ಕಂಪನಿಯು ಅದರ ಶೇ. 75 ಮೊತ್ತವನ್ನು ಮೊದಲು ಠೇವಣಿ ಇಡಬೇಕು.

ನೋಂದಣಿ ಇಲ್ಲದವರು ಬಾಕಿಯಾದ ದಿನದಿಂದ 3 ವರ್ಷಗಳೊಳಗೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರಂತೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಆ ಕಲಂನ ಯಾವ ವಿಶೇಷ ವರ್ಗಕ್ಕೂ ಸೇರದವರಿಗೆ ನಿಗದಿತ ಆದಾಯ ಮಿತಿ ಅನ್ವಯಿಸುತ್ತದೆ ಮತ್ತು ಅದಕ್ಕಾಗಿ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಪಡೆದಿರಬೇಕು. ದೊಡ್ಡಬಳ್ಳಾಪುರದ ನ್ಯಾಯಾಲಯ ಸಂಕೀರ್ಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಖುದ್ದಾಗಿ ಅರ್ಜಿ ನೀಡಬಹುದು ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು.

ಮಂಡಳಿಗಾಗಲಿ ಸಮಿತಿಗಾಗಲಿ ಅರ್ಜಿ ಸಲ್ಲಿಸುವಾಗ ಕರಾರಿನ ಅಥವಾ ಇ-ಮೇಲ್‌ಗಳ ಪ್ರತಿ, ಬಿಲ್ಲು, ವಿಡಿಯೊ ಒಪ್ಪಿಸಿದ ದಿನಾಂಕ ತೋರಿಸುವ ದಾಖಲೆ, ವಿಡಿಯೊ ಪ್ರಕಟವಾದ ಪುಟದ ಪ್ರತಿ, ಹಣ ಕೋರಿ ಬರೆದ ಪತ್ರ ಮತ್ತು ಭಾಗಶಃ ಹಣ ಬಂದಿದ್ದಲ್ಲಿ ಬ್ಯಾಂಕ್ ಖಾತೆಯ ವಿವರ ಇವುಗಳನ್ನು ಲಗತ್ತಿಸತಕ್ಕದ್ದು. ವಿಡಿಯೊವನ್ನು ಕಂಪನಿಯ ಕೋರಿಕೆಯಂತೆ ಈಗಾಗಲೇ ಅಳಿಸಿದ್ದಲ್ಲಿ, ಅಳಿಸುವಂತೆ ಬಂದ ಸಂದೇಶವನ್ನೂ ಮೂಲ ಕಡತವನ್ನೂ ಜೊತೆಗಿಡತಕ್ಕದ್ದು.